ನಡುಗುವವು ನನಗೆ

ಮಂಗಳವಾರ, ಗುರುವಾರ, ಶನಿವಾರ
ಮಾಂಗ್ ತೆರಿಯೋ ಅವರ ರಕ್ತ ತೊಳೆಸುವ ದಿನ.
ಮಾರಿಕಿನಾದ ಓಣಿಯಿಂದ ಆಸ್ಪತ್ರೆಯವರೆಗೆ
ಟ್ರೈಸಿಕಲ್ಲಿನಲ್ಲಿ ಅವರ ಪಕ್ಕ ನಾನು.
ಒಂದು ತೊಡೆಯ ಮೇಲೆ ಔಷಧಿ ಚೀಲ,
ಇನ್ನೊಂದರ ಮೇಲೆ ಇವತ್ತು ಮಾರಬೇಕಾದ ಹಾಳೆ.

ಒಂದು ಹಾಳೆಗೆ ನಾಲ್ಕು ಸಲದ ಸೂಜಿ, ಲೆಕ್ಕ ಅಷ್ಟು.
ಕುದುರೆ ಕಳ್ಳನ ಪುಟ ಜೂನಿನಲ್ಲಿ ಹೋಯಿತು,
ದೀಪಸ್ತಂಭದ ವಿಧವೆ ಮೊನ್ನೆ.
ಮಗಳು ಪೆರ್ಲಿಟಾ ಬೂಟಿನ ಅಟ್ಟೆ ಅಂಟಿಸುತ್ತ ಕೂತವಳು
ಗೋಂದಿನ ಕೈಯಲ್ಲೇ ಬೂಟಿನ ಡಬ್ಬಿ ತೆರೆದು
ಒಂದನ್ನು ಎಳೆದು ಕೊಡುತ್ತಾಳೆ,
ಯಾವುದೆಂದು ನೋಡುವುದಿಲ್ಲ.

ಎಲ್ಲ ಹಾಳೆಗೂ ಅಡ್ಡಕ್ಕೆ ಒಂದು ಕಂದು ಕಲೆ,
ನೆರೆ ನಿಂತು ಹೋದ ಎತ್ತರ.
ಕೊಳ್ಳುವವರು ಅದನ್ನೇ ತೋರಿಸಿ ಚೌಕಾಸಿ ಮಾಡುತ್ತಾರೆ.
'ಅದೂ ಗೆರೆಯೇ' ಅನ್ನುತ್ತಾರೆ ಮಾಂಗ್ ತೆರಿಯೋ,
'ನಾನು ಎಳೆದದ್ದಲ್ಲ, ನದಿ ಎಳೆದದ್ದು.
ಅದರ ಕೂಲಿಯನ್ನೂ ಸೇರಿಸಿ ಕೇಳು.'

ನಾನು ಮೊದಲು ಬಂದಾಗ ನನ್ನದೆಲ್ಲ ಗಾಜಿನ ಹಲಗೆ,
ಬೆರಳು ತಟ್ಟಿದರೆ ತಪ್ಪು ಮಾಯ.
ಈ ಮೂಗಿಗೆ ಎಷ್ಟು ಸಲ ಅಳಿಸಿದೆ, ಕೇಳಿದರು.
ಹದಿನೇಳು, ಅಂದೆ, ಸ್ವಲ್ಪ ಜಂಬದಿಂದಲೇ.
'ಹದಿನೇಳು ಮೇಷ್ಟ್ರನ್ನು ಮನೆಯಿಂದ ಓಡಿಸಿದೆಯಲ್ಲೋ.'

ಆಮೇಲೆ ಬ್ಲೇಡು ಕೊಟ್ಟರು.
ಹೊಸ ಕುಂಚದ ಕೂದಲು ಅರ್ಧಕ್ಕರ್ಧ ಹೆರೆಸಿದರು.
ಕರುಳು ಚುರ್ ಅಂದಿತು. ತಿಂಗಳ ಊಟದ ದುಡ್ಡು ಅದು.
ಹೆರೆದ ಕುಂಚ ಒಂದೇ ಎಳೆತಕ್ಕೆ
ಏಳು ಎಳೆ ಜಡೆ ಬಿಚ್ಚಿತು ಕಾಗದದ ಮೇಲೆ.

ದಿನಕ್ಕೆ ಮೂರು ಲೋಟ ನೀರು, ಮೇಲೆ ಹನಿಯೂ ಇಲ್ಲ,
ಡಾಕ್ಟರ ಕಟ್ಟಪ್ಪಣೆ.
ಕುಂಚ ತೊಳೆಯುವ ಬೋಗುಣಿಯನ್ನೇ
ಕಣ್ಣಿನಿಂದ ಗುಟುಕರಿಸುತ್ತಾ ಕೂತಿರುತ್ತಾರೆ.
ಕೂತು ಬರೆಯುವುದು ಸಮುದ್ರವನ್ನು.

ಒಪ್ಪಿಕೊಂಡದ್ದು ಎಂಟು ಪುಟ, ಕೊನೆಯ ಕೆಲಸ.
ಬಲಗೈ ಆಗಲೇ ಗಾಳಿಗೆ ಸಿಕ್ಕ ಬಾಳೆಲೆ.
ನಾನು ಹಿಡಿದುಕೊಳ್ಳಲು ಹೋದೆ, ತಳ್ಳಿದರು.
ಪಾಲು ಮಾಡಿಕೊಳ್ಳೋಣ ಅಂದರು, ಅಣ್ಣತಮ್ಮಂದಿರ ಹಾಗೆ:
'ಗೋಡೆ, ಬಂದೂಕು, ಜೀಪ್ನಿ, ಮೇಜು,
ನಿಂತವೆಲ್ಲ ನಿನಗೆ.
ನಡುಗುವವು ನನಗೆ.
ಬೆಂಕಿ, ಅಲೆ, ಮುದುಕಿಯ ತಲೆಗೂದಲು,
ಸುಳ್ಳು ಹೇಳುವವನ ತುಟಿ.'

ನನ್ನ ಗೋಡೆ ನೆಟ್ಟಗೆ ನಿಂತಿತು,
ಯಾರೂ ಬಾಡಿಗೆಗೆ ಬರದ ಮನೆಯ ಗೋಡೆ.
ಅವರು ಹೆಬ್ಬೆಟ್ಟು ಶಾಯಿಯಲ್ಲಿ ಅದ್ದಿ
ಮೂಲೆಯಲ್ಲಿ ಒತ್ತಿದರು, ಅಷ್ಟೆ. ಪಾಚಿ ಹಿಡಿಯಿತು,
ಒಳಗೆ ಯಾರೋ ಕೆಮ್ಮಿದ ಹಾಗಾಯಿತು.
ಆ ರಾತ್ರಿ ನನಗೆ ಹೊಟ್ಟೆಕಿಚ್ಚು.
ಕಾಯಿಲೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು
ಎಂಥ ಪಾಪವೋ, ತಿಳಿಯದು.

ಕಳೆದ ಶನಿವಾರ ವಾರ್ಡಿಗೆ ಒಬ್ಬ ಮುದುಕ ಬಂದ,
ಹವಾಯಿ ಚಪ್ಪಲಿ, ಕೈಯಲ್ಲಿ ಮುಖಪುಟ ಹರಿದ ಕಾಮಿಕ್ಸು,
ನೆತ್ತಿಯಲ್ಲಿ ಕ್ಲಿಪ್ಪಿನ ತುಕ್ಕು.
ಅಂಗಡಿಯ ದಾರಕ್ಕೆ ತೂಗಿಬಿಟ್ಟದ್ದಂತೆ, ಒಂದು ಓದಿಗೆ ಐದು ಸೆಂಟಾವೊ.
ಹಿಂದಿರುಗಿಸುವ ಮೊದಲೇ ಅಪ್ಪ ಊರು ಬಿಡಿಸಿದ.
'ಐವತ್ತೆಂಟು ವರ್ಷದ ತಡ' ಎಂದು
ಐನೂರರ ನೋಟು ಹಾಸಿಗೆಯ ಮೇಲಿಟ್ಟ.
ಹೋಗಲಿಲ್ಲ, ನಿಂತೇ ಇದ್ದ.
'ಮುಂದಿನ ವಾರದ್ದು ನನಗೆ ಸಿಗಲಿಲ್ಲ.
ಆ ಹುಡುಗ ಬಾವಿಯಿಂದ ಮೇಲೆ ಬಂದನೇ?'

ಮಾಂಗ್ ತೆರಿಯೋಗೆ ನೆನಪಿಲ್ಲ.
ಬಾವಿಯೂ ಇಲ್ಲ, ಹುಡುಗನೂ ಇಲ್ಲ.
ಎಡತೋಳಿನ ನಳಿಗೆಯಲ್ಲಿ ಕೆಂಪು ಹೋಗುತ್ತಿತ್ತು, ಬರುತ್ತಿತ್ತು.
ಕಾಗದ ಕೊಡು, ಅಂದರು.
ಊಟದ ತಟ್ಟೆ ಬೋರಲು ಹಾಕಿ ಹಲಗೆ ಮಾಡಿದೆ.
'ಕಲ್ಲು ನಿನಗೆ.' ನಾನು ಕಲ್ಲು ಕಟ್ಟಿದೆ, ಸುತ್ತಿಗೆ ಸುತ್ತು.
ನೀರು ಅವರು ಬರೆದರು, ಬಹಳ ಹೊತ್ತು.
ಬಾಯಿ ಚಪ್ಪರಿಸುತ್ತಾ ಬರೆದರು.

ನಡುವೆ ಒಂದಿಷ್ಟು ಬಿಳಿ ಉಳಿಯಿತು.
'ಹುಡುಗ? ಹುಡುಗ ಯಾರ ಪಾಲಿಗೆ?' ಎಂದೆ.
ಆಗಲೇ ನಿದ್ದೆ ಹತ್ತಿತ್ತು ಅವರಿಗೆ.
ಮುದುಕ ಕುರ್ಚಿ ಎಳೆದುಕೊಂಡು ಕೂತ.
ನನ್ನ ಕುಂಚದ ತುದಿಯಲ್ಲಿ ಶಾಯಿ
ಒಣಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.