ಐದನೆಯ ಪಕ್ಕೆಲುಬಿನ ಕೆಳಗೆ

ಆರು ರಬ್ಬರ್ ಬುರುಡೆ, ನಾಲ್ಕು ಕ್ಲಿಪ್ಪು,
ಒಂದು ಟ್ಯೂಬು ತಣ್ಣನೆಯ ಜೆಲ್ಲು.
ಕುಶಾಲನಗರದ ಈ ಆಸ್ಪತ್ರೆಯಲ್ಲಿ ಹದಿನೇಳು ವರ್ಷ
ಎದೆಗಳ ಮೇಲೆ ಬುರುಡೆ ಅಂಟಿಸಿ
ಕಾಗದಕ್ಕೆ ಗೆರೆ ಇಳಿಸಿದ್ದೇನೆ.
ಗೆರೆ ಸುಳ್ಳು ಹೇಳುವುದಿಲ್ಲ ಎಂದು
ಬಹಳ ಜನಕ್ಕೆ ಹೇಳಿದ್ದೇನೆ.

ಪೂವಯ್ಯನವರು ಬಂದದ್ದು ಒಂದು ಸೋಮವಾರ,
ಕೂಡಿಗೆಯ ಕಾಫಿ ಕ್ಯೂರಿಂಗ್ ವರ್ಕ್ಸಿನ ಮೇಲ್ವಿಚಾರಕರು.
ಎದೆಯ ನಡುವೆ ಮುಷ್ಟಿಯಿಟ್ಟು
"ಆನೆ ಕಾಲಿಟ್ಟ ಹಾಗೆ" ಎಂದರು.
ಪುಸ್ತಕದಲ್ಲಿ ಬರೆದಂಥ ನೋವು.
ರೋಮ ಬೋಳಿಸಿದೆ, ಪಕ್ಕೆಲುಬು ಬೆರಳಲ್ಲಿ ಎಣಿಸಿದೆ:
ಎರಡು, ಮೂರು, ನಾಲ್ಕು, ಐದು.
ಅದರ ಕೆಳಗೆ ನಾಲ್ಕನೆಯ ಬುರುಡೆ, ಕರಾರುವಾಕ್ಕು.
ಡಾಕ್ಟರು ಓಡಿ ಬಂದರು. ಆಂಬುಲೆನ್ಸು
ಪಿರಿಯಾಪಟ್ಟಣ ದಾಟುವಷ್ಟರಲ್ಲಿ
ಮೈಸೂರಿನಲ್ಲಿ ಹಾಸಿಗೆ ಸಿದ್ಧ.

ಅದೇ ವರ್ಕ್ಸಿನ ದಮಯಂತಿ ಬಂದದ್ದು ಗುರುವಾರ,
ಶಿಫ್ಟು ಮುಗಿಸಿ, ಊಟದ ಡಬ್ಬಿಯ ಸಮೇತ.
ದವಡೆಯಲ್ಲಿ ಸೆಳೆತ, ಬೆನ್ನಿನ ರೆಕ್ಕೆಯಲ್ಲಿ ಭಾರ,
ಒಗೆದ ಚಾದರ ಹಿಂಡಲಾಗದಷ್ಟು ಸುಸ್ತು.
"ಎದೆಯಲ್ಲೂ ಉಂಟು ಸಾರ್,
ಆದರೆ ನೋವು ಅಂತ ಹೇಗೆ ಹೇಳುವುದು,
ಯಾರೋ ಕೂತು ಎದ್ದು ಹೋದ ಮಣೆಯ ಬಿಸಿ ಹಾಗೆ."

ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ.
ಪರದೆ ಎಳೆದೆ. ಗೋಡೆಯ ಕ್ಯಾಲೆಂಡರ್ ನೋಡುತ್ತ
ರವಿಕೆಯ ಅಂಚಿನಡಿ ಕೈ ತೂರಿಸಿ
ನಾಲ್ಕನೆಯದನ್ನು ಎಲ್ಲಿ ಸಿಕ್ಕಿತೋ ಅಲ್ಲಿ ಒತ್ತಿದೆ.
ಬೆರಳು ಒಂದು ಎಲುಬನ್ನೂ ಎಣಿಸಲಿಲ್ಲ.
ಅದನ್ನು ಮರ್ಯಾದೆ ಎಂದುಕೊಂಡಿದ್ದೆ.
ಹದಿನೇಳು ವರ್ಷ, ಎಷ್ಟೊಂದು ಹೆಂಗಸರು,
ಪಕ್ಕದ ಮನೆಯ ಬಾಗಿಲು ತಟ್ಟಿ
ಒಳಗೆ ಯಾರೂ ಇಲ್ಲ ಎಂದು ಬರೆದುಕೊಂಡ ಹಾಗೆ.

ಗೆರೆಯಲ್ಲಿ ದೋಷ ಕಾಣಲಿಲ್ಲ. ಗ್ಯಾಸು ಎಂದು ಚೀಟಿ,
ಖಾಲಿ ಹೊಟ್ಟೆಗೆ ಒಂದು ಗುಳಿಗೆ.
"ಮನೆಯಲ್ಲಿ ಏನಾದರೂ ಟೆನ್ಷನ್ನಾ?" ಡಾಕ್ಟರು ಕೇಳಿದರು.
ಪೂವಯ್ಯನವರನ್ನು ಯಾರೂ ಕೇಳಿರಲಿಲ್ಲ.

ಮೂರನೇ ಸಲ ಬಂದಾಗ ಮಲಗುವ ಮೊದಲೇ ಅಂದರು:
"ಪೂವಯ್ಯ ಸಾರ್‌ಗೆ ಎಣಿಸಿ ಇಟ್ಟಿರಂತೆ. ನನಗೂ ಎಣಿಸಿ.
ಇಪ್ಪತ್ತೆರಡು ವರ್ಷ ಬೆಲ್ಟಿನ ಮುಂದೆ ಕೂತು
ಕರಿ ಬೀಜ, ಹುಳ ತಿಂದ ಬೀಜ ಹೆಕ್ಕಿದವಳು ನಾನು.
ನೋಡದೆ ಹೆಕ್ಕಿದರೆ ಏನಾಗುತ್ತದೆ, ಗೊತ್ತುಂಟು."

ಸಿಸ್ಟರ್ ಲಿಲ್ಲಿಯನ್ನು ಜೊತೆಗೆ ಕರೆದೆ. ಎಣಿಸಿದೆ.
ಗೆರೆ ಒಂದೆಡೆ, ಒಂದೇ ಒಂದೆಡೆ,
ತಗ್ಗಿ ನಡೆಯಿತು.

ಮಡಿಕೇರಿಯಲ್ಲಿ ಸೀರೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ,
ಓಡುವ ಪಟ್ಟಿಯ ಮೇಲೆ ಆರು ನಿಮಿಷ.
"ಹೆಂಗಸರಲ್ಲಿ ಇದು ಕೆಲವೊಮ್ಮೆ ತಪ್ಪು ತೋರಿಸುತ್ತದೆ"
ಎಂದರಂತೆ ಅಲ್ಲಿಯವರು, ಹೆಂಗಸರದೇ ತಪ್ಪು ಎಂಬ ದನಿಯಲ್ಲಿ.
ಆಮೇಲೆ ಮೈಸೂರು. ಮಣಿಕಟ್ಟಿನಿಂದ ತಂತಿ, ಬಣ್ಣ, ಪರದೆ.
ಫೈಲಿನ ಕೊನೆಯ ಸಾಲು: ಅಡಚಣೆ ಇಲ್ಲ.

ಆ ಫೈಲು ಹಿಡಿದು ನನ್ನ ಬಳಿಯೇ ಬಂದರು, ಯಾಕೋ.
"ದೊಡ್ಡ ನಾಳ ಎಲ್ಲ ಚೊಕ್ಕ ಅಂತೆ.
ಸಣ್ಣದು ಆ ಪರದೆಗೆ ಕಾಣುವುದಿಲ್ಲ ಅಂತೆ.
ನಮ್ಮಲ್ಲಿ ಜರಡಿ ಉಂಟು ಸಾರ್,
ತೂತಿನ ಅಳತೆ ಯಾರೋ ಎಂದೋ ಗೊತ್ತು ಮಾಡಿದ್ದು.
ಕೆಳಗೆ ಉದುರಿದ್ದನ್ನು ನಾವು ಇಲ್ಲ ಅನ್ನುವುದಿಲ್ಲ,
ಅದಕ್ಕೂ ಒಂದು ಚೀಲ, ಅದಕ್ಕೂ ತೂಕ."

ಈಗ ನಾಲಗೆಯಡಿ ಇಡುವ ಮಾತ್ರೆ
ಅವರ ಡಬ್ಬಿಯ ಮುಚ್ಚಳದಲ್ಲಿ ಇರುತ್ತದೆ.
ಮೆಟ್ಟಿಲಲ್ಲಿ ಒಮ್ಮೆ ನಿಂತು ಹತ್ತುತ್ತಾರೆ.

ಹಳೆಯ ಗೆರೆಗಳು ಉಗ್ರಾಣದಲ್ಲಿವೆ, ಕಟ್ಟು ಕಟ್ಟು.
ಬಿಸಿಗೆ ಮೂಡುವ ಕಾಗದ,
ಐದಾರು ವರ್ಷಕ್ಕೆ ತಾನಾಗಿ ಬಿಳಿಯಾಗುತ್ತದೆ,
ಹೆಸರು ಮಾತ್ರ ಪೆನ್ನಿನಲ್ಲಿ ಬರೆದದ್ದು ಉಳಿಯುತ್ತದೆ:
ಐಸಮ್ಮ, ಚೋಂದಮ್ಮ, ಸೆಲ್ವಿ, ವಯಸ್ಸು ನಲವತ್ತೊಂಬತ್ತು.

ಕ್ಯಾಲೆಂಡರನ್ನು ಆ ಗೋಡೆಯಿಂದ ತೆಗೆದಿದ್ದೇನೆ.
ಎಣಿಸುವ ಮೊದಲು ಹೇಳುತ್ತೇನೆ, ಎಣಿಸುತ್ತೇನೆ ಎಂದು.
ಕೈ ತಣ್ಣಗುಂಟು ಎನ್ನುತ್ತಾರೆ ಕೆಲವರು.
ಉಜ್ಜಿಕೊಳ್ಳುತ್ತೇನೆ.