ದಿನಕ್ಕೆ ಎರಡು ಬೆರಳು

ಶಾರಿ ನದಿಯ ದಂಡೆ. ಏಳು ಗಂಟೆಗೇ
ಬಿಸಿಲು ಮರಳಿನಲ್ಲಿ ತಳವೂರಿದೆ.
ದೆನೆಮಾಜಿ ನಾಯಿಯ ಹಿಂಗಾಲನ್ನು
ತೊಡೆಯ ಮೇಲೆ ಮಲಗಿಸಿಕೊಂಡು
ನಿನ್ನೆಯ ಪಟ್ಟಿ ಬಿಚ್ಚುತ್ತಾಳೆ.
'ಅಲುಗಬೇಡ, ಕಳ್ಳಾ.'

ಹುಣ್ಣಿನ ಬಾಯಲ್ಲಿ ಬಿಳಿಯ ನಾರು.
ಬೆಂದ ಶಾವಿಗೆಯ ಎಳೆಯಷ್ಟೇ ದಪ್ಪ.
ಬೆಂಕಿಕಡ್ಡಿಗೆ ಸುತ್ತಿಕೊಂಡು ಬರುತ್ತಿದೆ
ಹನ್ನೊಂದು ದಿನದಿಂದ.

ಎಳೆದರೆ ಹರಿಯುತ್ತದೆ.
ಹರಿದರೆ ಒಳಗುಳಿದ ಅರ್ಧ ಕೊಳೆತು
ಕಾಲನ್ನೇ ಕೇಳುತ್ತದೆ.
ಅದಕ್ಕೇ ದಿನಕ್ಕೆ ಎರಡು ಬೆರಳು,
ಒಮ್ಮೊಮ್ಮೆ ಒಂದೇ. ಕೆಲವು ದಿನ
ಮುನಿಸಿಕೊಂಡ ಅತ್ತೆಯ ಹಾಗೆ
ಒಳಗೇ ಕೂತುಬಿಡುತ್ತದೆ.
ಆಗ ಒದ್ದೆ ಬಟ್ಟೆ ಇಟ್ಟು ಕಾಯಬೇಕು.

ಹೋದ ವರ್ಷ ಮಡು ಬತ್ತಿದಾಗ
ಊರೆಲ್ಲ ಸೇರಿ ಬುಟ್ಟಿಯಲ್ಲಿ ಮೀನು ಬಾಚಿತ್ತು.
ಹೆಂಗಸರು ಬಗೆದು ಬಿಸುಟ ಕರುಳನ್ನು
ಈ ನಾಯಿ ತಿಂದಿತ್ತು, ಬಾಲ ಆಡಿಸುತ್ತ.
ಆ ಊಟದೊಳಗೆ ಒಬ್ಬಳು ಬಂದಳು.
ಬಾಗಿಲು ತಟ್ಟಲಿಲ್ಲ, ಬಾಡಿಗೆ ಕೊಡಲಿಲ್ಲ,
ಬೊಗಳಲು ಒಂದು ಕಾರಣವನ್ನೂ ಕೊಡಲಿಲ್ಲ.
ಮಾಂಸದ ಸಂದಿಯಲ್ಲಿ ಉದ್ದವಾಗುತ್ತ ಹೋದಳು,
ಕತ್ತಲಲ್ಲೇ ಬಸುರಾದಳು.

ಈಗ ಅವಳಿಗೆ ನೀರು ಬೇಕು,
ಹೆರಿಗೆಗೆ ತವರು ಬೇಕು.
ಕಾಲಿಲ್ಲದವಳು ನಾಯಿಯ ಕಾಲಿಗೆ
ಬೆಂಕಿ ಇಟ್ಟು ಹೇಳುತ್ತಾಳೆ: ನಡೆ.
ನಾಯಿಗೆ ಅನ್ನಿಸುತ್ತದೆ,
ಉರಿಯುವುದು ನನ್ನ ಕಾಲು,
ತಣಿಯುವ ಆಸೆಯೂ ನನ್ನದೇ.

ಸರಪಳಿ ಬಿಗಿಯುತ್ತದೆ. ಬೇವಿನ ಬುಡ
ಉಜ್ಜಿ ಉಜ್ಜಿ ನುಣುಪಾಗಿದೆ.
ಇರುಳೆಲ್ಲ ಮಡುವಿನ ಕಡೆ ಮೂಗು ಮಾಡಿ ಕುಯ್ಗುಟ್ಟುತ್ತದೆ.
'ಅಮ್ಮಾ, ಅಳುತ್ತಿರೋದು ಯಾರು,
ನಾಯೀನಾ, ಹುಳಾನಾ?'
ಮಲಗೋ, ಅಂದಳು ಮಗನಿಗೆ.

ಅವಳ ಹಿಮ್ಮಡಿಯ ಮೇಲೂ ಒಂದು ಗುರುತಿದೆ.
ಒಂಬತ್ತು ವರ್ಷದವಳು ಆಗ.
ಜೋಳದ ದಂಟಿನ ಸಿಬಿರಿಗೆ ಅವ್ವ ಸುತ್ತುತ್ತಿದ್ದಳು,
ಬಾಯಲ್ಲಿ ಹಾಡಿಲ್ಲ, ಬೈಗುಳವಿಲ್ಲ, ಬರೀ ಉಸಿರು.
ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋದಾಗ
ಅಂಡು ತೆವಳಿಕೊಂಡು ಹೋಗಿ
ಮಡುವಿಗೆ ಪಾದ ಇಳಿಬಿಟ್ಟಳು.
ಆ ತಂಪು!
ನೀರು ಒಂದು ಕ್ಷಣ ಹಾಲಾಡಿ
ಮತ್ತೆ ತಿಳಿಯಾಯಿತು.

ಮರುವರ್ಷ ಬಿತ್ತನೆಯ ಹೊತ್ತಿಗೆ
ಊರಲ್ಲಿ ಹದಿನಾಲ್ಕು ಮಂದಿ ಮಲಗಿದರು.
ನ್ಗಾರ್ಬಾಯನ ಹೊಲ ಬೀಳುಬಿತ್ತು.
ಯಾರೂ ಅವಳನ್ನು ಕೇಳಲಿಲ್ಲ.
ಅವಳೂ ಈವರೆಗೆ ಹೇಳಿಲ್ಲ.
ಈ ಕಡ್ಡಿ ಸುತ್ತುವ ಕೆಲಸಕ್ಕೆ ಜನ ಬೇಕೆಂದಾಗ
ಮೊದಲು ಕೈ ಎತ್ತಿದವಳು ಅವಳು, ಅಷ್ಟೇ.

ಬೈಕಿನಲ್ಲಿ ಎಂಬೈಲಾಸೆಮ್ ಬರುತ್ತಾನೆ,
ಹಾಳೆ ಬಿಚ್ಚುತ್ತಾನೆ. 'ನಾಯಿಯ ಹೆಸರು?'
'ನಾಯಿ.'
'ಅದಕ್ಕೊಂದು ಹೆಸರು ಬೇಕು, ಜಾಗ ಇದೆ ಇಲ್ಲಿ.'
'ಹಾಗಾದರೆ ಕಳ್ಳ ಅಂತ ಬರೆದುಕೋ.'
ಕಟ್ಟಿ ಹಾಕಿದ್ದಕ್ಕೆ ದುಡ್ಡು ಎಣಿಸಿ ಕೊಡುತ್ತಾನೆ.
ಪಕ್ಕದ ಮನೆಯ ಮುದುಕ ಬೊಚ್ಚುಬಾಯಲ್ಲಿ ನಗುತ್ತಾನೆ:
'ನಂಗೂ ಒಂದು ಸರಪಳಿ ಹಾಕಮ್ಮ.'

ಹದಿನೇಳನೆಯ ದಿನ, ಎಳೆಯುವ ಮೊದಲೇ
ಕೊನೆಯದು ಜಾರಿ ಬಂತು.
ಅವಳ ಮೊಳದಲ್ಲಿ ಎರಡು ಮೊಳ, ಇಷ್ಟು ಕಡಿಮೆ.
ಸ್ಪಿರಿಟ್ಟಿನ ಶೀಶೆಯಲ್ಲಿ ಸುರುಳಿ ಸುತ್ತಿ ಕೂತಿತು.
ಹೂವಿನ ಜೊತೆ ನಾರೂ ಸ್ವರ್ಗ ಸೇರೀತಂತೆ.
ಈ ನಾರಿಗೆ ಹೂವನ್ನು ಎಲ್ಲಿಂದ ತರೋಣ?

ಸಂಜೆ ಸರಪಳಿ ಬಿಚ್ಚಿದಳು.
ನಾಯಿ ಓಡಿತು, ಅದರದೇ ಹೆಜ್ಜೆ ಸವೆಸಿದ
ದುಂಡು ಗೆರೆಯ ತನಕ ಮಾತ್ರ.
ಅಲ್ಲಿ ನಿಂತು ಹಿಂದಿರುಗಿ ನೋಡಿತು.

ದೆನೆಮಾಜಿ ಮೀನು ಸೀಳಿ,
ಮೊಣಕೈ ಆಳ ಗುಂಡಿ ತೋಡಿ
ಕರುಳು ಹಾಕಿ, ಮಣ್ಣು ಎಳೆದು
ಮೇಲೆ ಹತ್ತು ಸಲ ತುಳಿದಳು.

ನಾಯಿ ಕಿವಿ ನಿಮಿರಿಸಿ
ಗುಂಡಿ ಇರುವ ಜಾಗವನ್ನು
ಚೆನ್ನಾಗಿ ನೋಡಿಟ್ಟುಕೊಂಡಿತು.