ಒಂದ್ರಿ

ಮೂರನೇ ಗೇಟಿನ ಚಹಾದಂಗಡಿ ಮುಂದೆ
ಹೆಸರೇನ್ರಿ ಅಂತ ಕೇಳಿದೆವು.
ಓಂದ್ರೆಯ್, ಅಂದ.
ಒಂದಲ್ರೀ, ಹೆಸರು, ಅಂದ ಪರ್ವೇಜ್.
ಅವನು ಮತ್ತೆ ಅಂದ. ನಾವು ಮತ್ತೆ ನಕ್ಕೆವು.
ಅಂದಿನಿಂದ ಅವನು ನಮಗೆ ಒಂದ್ರಿ.
ಯಾರೇ ಗಲ್ಲೆಯ ಕಡೆ ಬಾಗಿ 'ಚಹಾ ಒಂದ್ರಿ' ಅನ್ನಲಿ,
ಹೆಲ್ಮೆಟ್ಟು ತೊಟ್ಟಲ್ಲಿಂದಲೇ ತಿರುಗುತ್ತಾನೆ,
ಪಾಪ.

ನಾನು ಕೊನೆಯ ಗಾಡಿ.
ಹನ್ನೊಂದು ವರ್ಷದಿಂದ ಗಡಿನಾಡ ಗಾಲಿ ಬಳಗದ ಬಾಲ.
ಪಂಕ್ಚರ್ ಸಾಮಾನು, ಎರಡು ಕ್ಲಚ್ ಕೇಬಲ್,
ಹಳೇ ಧೋತರದಲ್ಲಿ ಸುತ್ತಿದ ಪಾನಾ,
ಯಾರೂ ಹಿಂದೆ ಉಳಿಯದಂತೆ ನೋಡುವ ಒಂದೇ ಕೆಲಸ.
ಮುಖಕ್ಕಿಂತ ಬೆನ್ನು ಚೆನ್ನಾಗಿ ಗೊತ್ತು ನನಗೆ.
ಸುಗಲಾ ತಿರುವಿನಲ್ಲಿ ಎಡಭುಜ ಇಳಿಸುತ್ತಾಳೆ.
ಜ್ಞಾನೋಬಾ, ಮನೆಯಲ್ಲಿ ಜಗಳಾಡಿ ಬಂದ ದಿನ,
ಕಂಬದ ಹಾಗೆ ಕೂತಿರುತ್ತಾನೆ.
ಒಂದ್ರಿಯ ಬೆನ್ನು ಮೊದಮೊದಲು
ಪರರ ಮನೆಯ ಪಡಸಾಲೆಯಲ್ಲಿ ಕೂತಂತಿತ್ತು,
ಏನನ್ನೂ ಮುಟ್ಟದೆ.

ಉದ್ಯಮಬಾಗದಲ್ಲಿ ಪಂಪಿನ ಎರಕ ಹೊಯ್ಯುವ ಕಾರ್ಖಾನೆ,
ಅಲ್ಲಿ ನಮ್ಮ ಅಚ್ಚುಗಳ ತಪ್ಪು ಹುಡುಕಲು ಬಂದವನು.
ಮೂರು ವರ್ಷದ ಕರಾರು.
ವರ್ಷಕ್ಕೊಮ್ಮೆ ಪೊಲೀಸ್ ಕಚೇರಿಯ ಬೆಂಚು,
ಅದೇ ಫೋಟೋ, ಅದೇ ಖಾನೆ: ಬಂದ ಉದ್ದೇಶ.
ಸಿಲಿಂಡರ್ ಮುಗಿದ ರಾತ್ರಿ
ಹಸಿ ಟೊಮ್ಯಾಟೊ ಕಚ್ಚಿ ಮಲಗಿದ್ದನ್ನು
ತಿಂಗಳಾದ ಮೇಲೆ ಹೇಳಿದ, ನಗೆಮಾತಿನಂತೆ.
ಮನೆಯೊಡತಿ ಸುಮತಿಬಾಯಿ ಮರಾಠಿಯಲ್ಲಿ ಬೈಯುತ್ತಾಳೆ,
ಕನ್ನಡದಲ್ಲಿ ಉಪ್ಪಿನಕಾಯಿ ಕೊಡುತ್ತಾಳೆ.
ಎರಡೂ ಒಂದೇ ಭಾಷೆ ಅಂದುಕೊಂಡಿದ್ದನಂತೆ, ಆರು ತಿಂಗಳು.
ಶನಿವಾರದ ಸಂತೆಯಲ್ಲಿ ಅರ್ಧ ಕಿಲೋ ಬಟಾಟಿ ಕೇಳಿದರೆ
ಒಂದು ಕಿಲೋ ತೂಗಿ ಚೀಲಕ್ಕೆ ಸುರಿದಳು ಮುದುಕಿ:
'ತಿನ್ರಿ, ಭಾಳ ಸೊರಗೀರಿ.'

ನವೆಂಬರದ ಒಂದು ರವಿವಾರ
ಬೈಲಹೊಂಗಲ ದಾಟಿ ನವಿಲುತೀರ್ಥದ ಕಡೆ ಹನ್ನೆರಡು ಗಾಡಿ.
ಎರಡೆರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು,
ಹಿಂದೆ ದೀಪವಿಲ್ಲ, ಮುಂದೆ ಹಾಡು.
ನಮ್ಮ ಹಾದಿಗೆ ಮಾತು ಬೇಡ:
ಎಡಕ್ಕೆ ತಗ್ಗಿದ್ದರೆ ಎಡಗಾಲು ಚಾಚು,
ಬಲಕ್ಕಿದ್ದರೆ ಬಲಗಾಲು.
ಹನ್ನೊಂದು ಕಾಲು ದಾಟಿ ನನ್ನ ತನಕ ಬರುತ್ತದೆ ಸುದ್ದಿ.
ನನ್ನ ಹಿಂದೆ ಯಾರೂ ಇಲ್ಲ.
ಆದರೂ ಚಾಚುತ್ತೇನೆ. ರೂಢಿ.

ಅವನ ಚೈನು ಹರಿಯಿತು.
ಮುಂದಿನವರಿಗೆ ಗೊತ್ತಾಗಲಿಲ್ಲ, ಧೂಳಾಗಿ ಹೋದರು.
ಕೈಯೆಲ್ಲ ಗ್ರೀಸು, ಬಿಸಿಲು,
ಎರೆಹೊಲದ ಅಂಚಿಗೆ ಕಬ್ಬು ಕಡಿಯುವವರ ಗುಡಿಸಲು.
ಬೀಡದಿಂದ ಬಂದ ಹೆಂಗಸು ಕುಡುಗೋಲು ಕಂಕುಳಿಗಿಟ್ಟು
ಎಲ್ಲಿಯವರು ಅಂತ ಅವಳ ಭಾಷೆಯಲ್ಲಿ ಕೇಳಿದಳು.
'ಬೆಳಗಾವಿರಿ,' ಅಂದ ಒಂದ್ರಿ, ತಲೆಯೆತ್ತದೆ.
ಅವಳು ನನ್ನತ್ತ ನೋಡಿದಳು. ನಾನೂ ಹೌದೆಂದೆ.
ಒಂದು ಗಣಿಕೆ ಕಬ್ಬು ಕೊಟ್ಟಳು.
ಹಲ್ಲಿನಲ್ಲಿ ಸಿಗಿಯಲು ಬರಲಿಲ್ಲ ಅವನಿಗೆ,
ಅವಳ ಮಗ, ಐದು ವರ್ಷದವನು,
ಮಾಸ್ತರನಂತೆ ಎದುರು ಕೂತು ತೋರಿಸಿದ.

ಡ್ಯಾಮಿನ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಂಡರು.
ಅವನು ಹೆಲ್ಮೆಟ್ಟು ತಲೆದಿಂಬು ಮಾಡಿ
ಬಾಯಿ ತೆರೆದು ಗೊರಕೆ ಹೊಡೆದ.
ತಿರುಗಿ ಬರುವಾಗ ನೋಡಿದೆ,
ಬೆನ್ನು ಸಡಿಲಾಗಿ ಗೂನಾಗಿತ್ತು, ನಮ್ಮೆಲ್ಲರ ಹಾಗೆ.
ಕರಾರಿನಲ್ಲಿ ಇನ್ನು ನಾಲ್ಕು ತಿಂಗಳು.
ಮುಂದೇನು ಅಂತ ನಾವು ಕೇಳಿಲ್ಲ,
ಅವನೂ ಹೇಳಿಲ್ಲ.

ಮೊನ್ನೆ ಅವನ ಓಣಿಯಲ್ಲಿ ಕರೆಂಟು ಇರಲಿಲ್ಲ.
ಗಾಡಿ ರಿಪೇರಿಗೆ ಕೊಟ್ಟು ನಡೆದು ಬರುತ್ತಿದ್ದೆವು,
ಅವನು ಮುಂದೆ, ನಾನು ಹಿಂದೆ,
ಇಬ್ಬರ ಫೋನೂ ಸತ್ತಿದ್ದವು.
ಸುಮತಿಬಾಯಿಯ ಗೇಟಿಗೆ ಎರಡು ಮಾರು ಇರುವಾಗ
ಗಟಾರದ ಚಪ್ಪಡಿ ಮುರಿದಿತ್ತು.
ಕತ್ತಲಲ್ಲಿ, ಮಾತು ನಿಲ್ಲಿಸದೆ,
ಸಕ್ಕರೆಯ ದರ ಹೇಳುತ್ತಲೇ
ಅವನು ಎಡಗಾಲು ಚಾಚಿದ.
ನಾನು ಬಲಕ್ಕೆ ಸರಿದೆ.
ಹಿಂದೆ ಒಂದು ನಾಯಿ ಬರುತ್ತಿತ್ತೇನೋ.
ನಾನೂ ಚಾಚಿದೆ.